ಸ್ಟೋನ್ಸ್ ಗಿಟಾರ್ ಚರ್ಚೆ: ಐದು ತಂತಿಗಳ ಲೆಕ್ಕ ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನ ಗಿಟಾರ್ ವಾದಕರಲ್ಲಿ ಯಾರು ದೊಡ್ಡವರು ಎಂಬ ಚರ್ಚೆ ನಿಮ್ಮ ಓದುಗರ ಅಂಕಣದಲ್ಲಿ ಬಿಸಿಯಾಗಿಯೇ ನಡೆದಿದೆ. ಮಿಕ್ ಟೇಲರ್ ಇದ್ದ ಐದೂವರೆ ವರ್ಷ ಮಾತ್ರ ತಂಡಕ್ಕೆ ನಿಜವಾದ ಗಿಟಾರ್ ವಾದಕನಿದ್ದ ಎನ್ನುವವರು ಒಂದು ಕಡೆ. ಕೀತ್ ರಿಚರ್ಡ್ಸ್ ಇಲ್ಲದಿದ್ದರೆ ತಂಡವೇ ಇಲ್ಲ, ಟೇಲರ್ ಬಂದುಹೋದ ಅತಿಥಿ ಎನ್ನುವವರು ಇನ್ನೊಂದು ಕಡೆ. ಟೇಲರ್‌ಗಿಂತ ಮೊದಲು ಇದ್ದ ಬ್ರಯನ್ ಜೋನ್ಸ್ ಪರವಾಗಿ ಒಂದೆರಡು ಸಾಲು ಬಂದಿವೆ. ಟೇಲರ್ ನಂತರ ಬಂದ ರಾನಿ ವುಡ್ ಪರವಾಗಿ ಒಂದು ಅಕ್ಷರವೂ ಬಂದಿಲ್ಲ. ಎರಡು ಪಕ್ಷದವರೂ ಎತ್ತಿಕೊಂಡ ಉದಾಹರಣೆಗಳಲ್ಲಿ ಅರ್ಧಕ್ಕರ್ಧ ತಪ್ಪು ಹೆಸರಿಗೆ ಜಮೆಯಾಗಿವೆ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. 1969ರ ಹೊತ್ತಿಗೆ ರಿಚರ್ಡ್ಸ್ ತಮ್ಮ ಗಿಟಾರಿನ ಶ್ರುತಿಯನ್ನೇ ಬದಲಿಸಿಕೊಂಡರು. ಆಮೇಲೆ ಅವರ ಪಕ್ಕದಲ್ಲಿ ನಿಂತವರು ಏನು ನುಡಿಸಬಹುದು, ಏನು ನುಡಿಸಬಾರದು ಎಂಬುದನ್ನು ಆ ಶ್ರುತಿಯೇ ಬಹುಪಾಲು ತೀರ್ಮಾನಿಸಿತು. ಆ ಮಾತು ಚರ್ಚೆಯಲ್ಲಿ ಎಲ್ಲೂ ಬಂದಿಲ್ಲ.

ಮೊದಲು ಜಮಾ-ಖರ್ಚು ಸರಿಮಾಡೋಣ. 'ಸಿಂಪತಿ ಫಾರ್ ದ ಡೆವಿಲ್' ಹಾಡಿನ ಚೂರಿಯಂಥ ಸೋಲೊವನ್ನು ಟೇಲರ್ ಖಾತೆಗೆ ಹಾಕಿದ್ದಾರೆ. ಅದು 1968ರ ಆಲ್ಬಮ್‌ನ ಹಾಡು. ಟೇಲರ್ ತಂಡ ಸೇರಿದ್ದು 1969ರ ಜೂನ್‌ನಲ್ಲಿ, ತಮ್ಮ 20ನೇ ವಯಸ್ಸಿನಲ್ಲಿ. ಆ ಸೋಲೊ ರಿಚರ್ಡ್ಸ್ ಅವರದು, ಅದೇ ಹಾಡಿನ ಬೇಸ್ ಕೂಡ ಅವರದೇ. 'ಲೆಟ್ ಇಟ್ ಬ್ಲೀಡ್' ಆಲ್ಬಮ್‌ನ ಒಂಬತ್ತು ಹಾಡುಗಳಲ್ಲಿ ಟೇಲರ್ ಇರುವುದು 'ಕಂಟ್ರಿ ಹಾಂಕ್' ಮತ್ತು 'ಲಿವ್ ವಿತ್ ಮಿ' ಎಂಬ ಎರಡರಲ್ಲಿ ಮಾತ್ರ. 'ಗಿಮ್ಮಿ ಶೆಲ್ಟರ್'ನಲ್ಲಿ ಕೇಳುವ ಅಷ್ಟೂ ಗಿಟಾರ್ ರಿಚರ್ಡ್ಸ್ ಅವರ ಕೈಯದು. 'ಸಿಸ್ಟರ್ ಮಾರ್ಫಿನ್'ನ ಮೈ ನಡುಗಿಸುವ ಸ್ಲೈಡ್ (ತಂತಿಗಳ ಮೇಲೆ ಗಾಜಿನ ಅಥವಾ ಲೋಹದ ಕೊಳವೆ ಜಾರಿಸಿ ನುಡಿಸುವುದು) ಟೇಲರ್ ಅವರದಲ್ಲ, ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಅವರದು. 1976ರ 'ಹ್ಯಾಂಡ್ ಆಫ್ ಫೇಟ್' ಹಾಡಿನ ಸೋಲೊವನ್ನು ಕೆಲವರು ಟೇಲರ್‌ಗೆ, ಕೆಲವರು ವುಡ್‌ಗೆ ಕೊಡುತ್ತಾರೆ. ನುಡಿಸಿದ್ದು ವೇಯ್ನ್ ಪರ್ಕಿನ್ಸ್. ಟೇಲರ್ ಬಿಟ್ಟ ಜಾಗಕ್ಕೆ ತಂಡ ಹಲವರನ್ನು ಕರೆಸಿ ನೋಡುತ್ತಿದ್ದ ಕಾಲ ಅದು.

ಹಾಗೆಂದು ರಿಚರ್ಡ್ಸ್ ಪಕ್ಷದವರು ಹಿಗ್ಗಬೇಕಿಲ್ಲ. 'ಸ್ವೇ' ಹಾಡಿನ ಒರಟು ರಿದಮ್ ಗಿಟಾರನ್ನು ಅವರು ರಿಚರ್ಡ್ಸ್ ಶೈಲಿಯ ಮಾದರಿ ಎಂದು ಕರೆದಿದ್ದಾರೆ. ಅದನ್ನು ನುಡಿಸಿದ್ದು ತಂಡದ ಗಾಯಕ ಮಿಕ್ ಜಾಗರ್. ಆ ಹಾಡಿನಲ್ಲಿ ರಿಚರ್ಡ್ಸ್ ಅವರ ಹಿನ್ನೆಲೆ ದನಿಯಿದೆ, ಗಿಟಾರ್ ಇಲ್ಲ. ಕೊನೆಯ ಸೋಲೊ ಟೇಲರ್ ಅವರದು. 'ಮೂನ್‌ಲೈಟ್ ಮೈಲ್' ಮತ್ತು 1973ರ 'ವಿಂಟರ್' ಎರಡರಲ್ಲೂ ರಿಚರ್ಡ್ಸ್ ಇಲ್ಲವೇ ಇಲ್ಲ. ಟೇಲರ್ ಅಭಿಮಾನಿಗಳು ಎದೆ ತಟ್ಟಿ ಹೇಳಬೇಕಾದ ಈ ಮೂರು ಹಾಡುಗಳನ್ನು ಬಿಟ್ಟು 'ಟಂಬ್ಲಿಂಗ್ ಡೈಸ್'ನಲ್ಲಿ ಅವರ ಗಿಟಾರ್ ಹುಡುಕಿದ್ದಾರೆ. ಅದರಲ್ಲಿ ಟೇಲರ್ ನುಡಿಸಿದ್ದು ಬೇಸ್.

ಈಗ ಶ್ರುತಿಯ ವಿಷಯ. ಸಾಮಾನ್ಯ ಗಿಟಾರಿನಲ್ಲಿ ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಇ, ಎ, ಡಿ, ಜಿ, ಬಿ, ಇ. ರಿಚರ್ಡ್ಸ್ ಹಿಡಿದ 'ಓಪನ್ ಜಿ'ಯಲ್ಲಿ ಆರನೆಯ, ಅಂದರೆ ಅತಿ ದಪ್ಪದ, ತಂತಿಯನ್ನು ಕಿತ್ತೇ ಹಾಕುತ್ತಾರೆ. ಐದನೆಯದನ್ನು ಎ ಇಂದ ಜಿಗೆ, ಮೊದಲನೆಯದನ್ನು ಇ ಇಂದ ಡಿಗೆ ಇಳಿಸುತ್ತಾರೆ. ನಡುವಿನ ಮೂರನ್ನು ಮುಟ್ಟುವುದಿಲ್ಲ. ಉಳಿಯುವುದು ಜಿ, ಡಿ, ಜಿ, ಬಿ, ಡಿ. ಎಡಗೈ ಮುಟ್ಟದೆಯೇ ಮೀಟಿದರೆ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಮೊಳಗುತ್ತದೆ. ಫ್ರೆಟ್ ಎಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ. ಒಂದೇ ಬೆರಳನ್ನು ಅಡ್ಡ ಹಾಕಿ ಎರಡನೇ ಫ್ರೆಟ್‌ನಲ್ಲಿ ಒತ್ತಿದರೆ ಎ, ಐದರಲ್ಲಿ ಸಿ, ಏಳರಲ್ಲಿ ಡಿ. 'ಹಾಂಕಿ ಟಾಂಕ್ ವಿಮೆನ್' ಚರಣಕ್ಕೆ ಬೇಕಾದ ಕಾರ್ಡ್‌ಗಳು ಇಷ್ಟೇ.

ಆರನೇ ತಂತಿ ಯಾಕೆ ಬೇಡ? ಅದನ್ನು ಉಳಿಸಿಕೊಂಡರೆ ಡಿಗೆ ಇಳಿಸಬೇಕು. ಆಗ ಪ್ರತಿ ಕಾರ್ಡಿನ ತಳದಲ್ಲೂ ಆಧಾರ ಸ್ವರದ ಬದಲು ಅದರ ಐದನೆಯ ಸ್ವರ ಕೂರುತ್ತದೆ. ಜೋರಾಗಿ ಮೀಟಿದಾಗ ಗುಂಯ್ ಎಂಬ ಮೋಡ ಕವಿದು ಬೇಸ್ ಗಿಟಾರಿನ ದಾರಿಗೆ ಅಡ್ಡ ಬರುತ್ತದೆ. ತೆಗೆದರೆ ಕಾರ್ಡಿನ ಬುಡದಲ್ಲಿ ಆಧಾರ ಸ್ವರವೇ ಇರುತ್ತದೆ, ಕೆಳಗಿನ ಅಂಗಳ ತಂಡದ ಬೇಸ್ ವಾದಕ ಬಿಲ್ ವೈಮನ್ ಅವರಿಗೆ ಖಾಲಿಯಾಗುತ್ತದೆ. ರೈ ಕೂಡರ್ ನುಡಿಸುವುದನ್ನು ಹತ್ತಿರದಿಂದ ಕೇಳಿದ್ದು, ಎವರ್ಲಿ ಬ್ರದರ್ಸ್ ಜೋಡಿಯ ಡಾನ್ ಎವರ್ಲಿ ಅಕೌಸ್ಟಿಕ್ ಗಿಟಾರಿನಲ್ಲಿ ಇಂಥ ಶ್ರುತಿಗಳನ್ನು ರಿದಮ್‌ಗೆ ಬಳಸಿದ್ದು, ಇವೆರಡೂ ರಿಚರ್ಡ್ಸ್ ಅವರನ್ನು ಈ ಕಡೆಗೆ ತಿರುಗಿಸಿದವು. ಸ್ಲೈಡ್ ವಾದಕರಿಗೆ ಇದು ಹಳೆಯ ಶ್ರುತಿ. ಅದನ್ನು ಬೆರಳುಗಳಿಂದ ಒತ್ತಿ, ಎಲೆಕ್ಟ್ರಿಕ್ ಗಿಟಾರಿನಲ್ಲಿ, ಇಡೀ ಬ್ಯಾಂಡಿನ ಎಂಜಿನ್ ಆಗಿಸಿದ್ದರಲ್ಲಿ ರಿಚರ್ಡ್ಸ್ ಅವರ ಹೆಚ್ಚುಗಾರಿಕೆ ಇದೆ.

'ಸ್ಟಾರ್ಟ್ ಮಿ ಅಪ್' ಹಾಡಿನ ರಿಫ್ (ಮರುಕಳಿಸುವ ಗಿಟಾರ್ ತುಣುಕು) ಬಿಡಿಸಿ ನೋಡಿದರೆ ಇದು ಅಂಗೈಯ ಗೆರೆಯಷ್ಟು ಸ್ಪಷ್ಟ. ತೋರುಬೆರಳು ಐದನೇ ಫ್ರೆಟ್‌ಗೆ ಅಡ್ಡ, ಅದು ಸಿ. ಅದನ್ನು ಎತ್ತದೆ ನಡುಬೆರಳನ್ನು ಎರಡನೇ ತಂತಿಯ ಆರನೇ ಫ್ರೆಟ್‌ಗೂ, ಉಂಗುರ ಬೆರಳನ್ನು ನಾಲ್ಕನೇ ತಂತಿಯ ಏಳನೇ ಫ್ರೆಟ್‌ಗೂ ಇಡಬೇಕು. ಈಗ ಅದು ಎಫ್, ಆದರೆ ತಳದ ಸಿ ಅಲ್ಲಾಡಿಲ್ಲ. ಎರಡು ಬೆರಳು ಇಟ್ಟರೆ ಎಫ್, ಎತ್ತಿದರೆ ಸಿ. ಬರಿಯ ಅಡ್ಡಬೆರಳನ್ನು ಮೂರನೇ ಫ್ರೆಟ್‌ಗೆ ಸರಿಸಿದರೆ ಬಿ ಫ್ಲ್ಯಾಟ್. ಕೈಯ ಚಲನೆ ಇಷ್ಟು ಕಡಿಮೆಯಾದ್ದರಿಂದಲೇ ಏಟುಗಳ ನಡುವೆ ಖಾಲಿ ಬಿಡಲು ಪುರುಸೊತ್ತು ಸಿಗುತ್ತದೆ. ಸಾಮಾನ್ಯ ಶ್ರುತಿಯಲ್ಲಿ ಇದನ್ನೇ ನುಡಿಸಲು ಹೊರಟರೆ ಇಡೀ ಕೈ ಕಾರ್ಡಿನಿಂದ ಕಾರ್ಡಿಗೆ ನೆಗೆಯಬೇಕು. ಸ್ವರಗಳು ಸರಿಯಿದ್ದರೂ ಹಾಡಿನ ತೂಗು ಕಾಣೆಯಾಗುತ್ತದೆ. ಎಷ್ಟೋ ತಂಡಗಳು ಈ ಹಾಡನ್ನು ಕೆಡಿಸುವುದು ಇಲ್ಲೇ. 'ಟಂಬ್ಲಿಂಗ್ ಡೈಸ್', 'ಹ್ಯಾಪಿ' ಎರಡಕ್ಕೂ ಇದೇ ಶ್ರುತಿ, ನಾಲ್ಕನೇ ಫ್ರೆಟ್‌ನಲ್ಲಿ ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಚಿಮಟ. ತೆರೆದ ತಂತಿಗಳು ಆಗ ಬಿ ಮೇಜರ್ ನುಡಿಯುತ್ತವೆ.

ಮಾಡಿ ನೋಡಲು ಹೊರಟವರಿಗೆ ಎದುರಾಗುವ ತೊಡಕುಗಳನ್ನೂ ಹೇಳಿಬಿಡುತ್ತೇನೆ. ಈ ಶ್ರುತಿ ಸರಿಬರದೆ 'ಇದರಲ್ಲೇನಿದೆ' ಎಂದು ಕೈಬಿಟ್ಟವರೇ ರಿಚರ್ಡ್ಸ್ ಅವರನ್ನು 'ಬರೀ ರಿದಮ್' ಎಂದು ಹಗುರವಾಗಿ ಕಾಣುತ್ತಾರೆ. ತಂತಿಯನ್ನು ಎರಡು ಅರ್ಧಸ್ವರ ಇಳಿಸಿದರೆ ಅದರ ಬಿಗಿ ಸುಮಾರು ಶೇ 20ರಷ್ಟು ಕುಸಿಯುತ್ತದೆ. 0.010 ಇಂಚಿನ ಮೊದಲ ತಂತಿ ಡಿಗೆ ಇಳಿದಾಗ ಜೋಲಾಗಿ, ಜೋರಾಗಿ ಮೀಟಿದ ಕೂಡಲೇ ಸ್ವರ ಮೇಲಕ್ಕೆ ಹಾರಿ ಬೀಳುತ್ತದೆ. ರಿಚರ್ಡ್ಸ್ ಅವರ ಐದು ತಂತಿಯ ಗಾತ್ರಗಳು ತೆಳುವಿನಿಂದ ದಪ್ಪಕ್ಕೆ 0.011, 0.015, 0.018, 0.030, 0.042 ಇಂಚು. 0.010 ಬದಲು 0.011 ಹಾಕಿದ ಮಾತ್ರಕ್ಕೆ ಕಳೆದುಹೋದ ಬಿಗಿಯ ಬಹುಭಾಗ ವಾಪಸು ಬರುತ್ತದೆ. ಐದನೆಯ ತಂತಿಗೆ ಮಾಮೂಲಿ ಸೆಟ್‌ನಲ್ಲಿ 0.036 ಇರುತ್ತದೆ. ಅದರ ಜಾಗಕ್ಕೆ 0.042 ಬಂದಾಗ ನಟ್‌ನ (ಗಿಟಾರಿನ ತಲೆಯ ಬಳಿ ತಂತಿಗಳನ್ನು ಹಿಡಿಯುವ ಪಟ್ಟಿಯ) ಕಚ್ಚು ಸಾಲದೆ ತಂತಿ ಮೇಲೆಯೇ ಕೂತು, ಮೊದಲ ಮೂರು ಫ್ರೆಟ್‌ಗಳಲ್ಲಿ ಸ್ವರ ಏರಿ ಕೇಳಿಸುತ್ತದೆ. ಬಿರಡೆ ತಿರುಗಿಸುವಾಗ ಟಿಣ್ ಎಂದು ಸದ್ದಾದರೆ ತಂತಿ ಅಲ್ಲಿ ಸಿಕ್ಕಿಕೊಂಡಿದೆ ಎಂದೇ ಅರ್ಥ. ಆ ಕಚ್ಚನ್ನು ಅಗಲಕ್ಕೆ ಮಾತ್ರ ಉಜ್ಜಬೇಕು, ಆಳಕ್ಕೆ ಅಲ್ಲ. ಒಂದು ತಂತಿ ಕಡಿಮೆಯಾಗಿ ಒಟ್ಟು ಎಳೆತ ಇಳಿದದ್ದರಿಂದ ಗಿಟಾರಿನ ಕುತ್ತಿಗೆ ನೇರವಾಗಿಬಿಟ್ಟು ಕೆಳಗಿನ ಫ್ರೆಟ್‌ಗಳಲ್ಲಿ ತಂತಿ ಜುಂಯ್‌ಗುಡಲೂಬಹುದು. ಕುತ್ತಿಗೆಯೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ಸಡಿಲಿಸದೆ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು.

ಇನ್ನೊಂದು ಸೂಕ್ಷ್ಮ ಎರಡನೇ ತಂತಿಯದು. ಜಿ ಕಾರ್ಡಿನಲ್ಲಿ ಬಿ ಮೂರನೆಯ ಸ್ವರ. ಟ್ಯೂನರ್ ತೋರಿಸುವ ಬಿ, ಕಿವಿಗೆ ಶುದ್ಧವೆನಿಸುವ ಬಿಗಿಂತ ಸುಮಾರು 14 ಸೆಂಟ್ ಎತ್ತರ; ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್. ತೆರೆದ ಕಾರ್ಡು ಸಿಹಿಯಾಗಲೆಂದು ಅದನ್ನು ಪೂರ್ತಿ 14 ಸೆಂಟ್ ಇಳಿಸುವವರಿದ್ದಾರೆ. ಇಳಿಸಿ 'ಸ್ಟಾರ್ಟ್ ಮಿ ಅಪ್' ಆಕಾರ ಹಿಡಿದ ಕೂಡಲೇ ಎಡವುತ್ತಾರೆ, ಏಕೆಂದರೆ ಆ ಎಫ್ ಕಾರ್ಡಿಗೆ ಇದೇ ತಂತಿ ಆಧಾರ ಸ್ವರ, ಅದು ಇಳಿದು ಕೇಳಿಸುತ್ತದೆ. ನಾಲ್ಕೈದು ಸೆಂಟ್ ಇಳಿಸಿದರೆ ಎರಡೂ ಕಾರ್ಡು ಒಪ್ಪುತ್ತವೆ. ಕೇಪೊ ಹಾಕಿದ ಮೇಲೆ ಶ್ರುತಿಯನ್ನು ಮತ್ತೆ ನೋಡಲೇಬೇಕು. ತಂತಿ ಒತ್ತಿಸಿಕೊಂಡು ಏರಿರುತ್ತದೆ, ಅದರಲ್ಲೂ ದಪ್ಪದವು. ಆಂಪ್ಲಿಫೈಯರ್‌ನ ಗೇನ್ ಅತಿಯಾದರೆ ಈ ಒಟ್ಟೊಟ್ಟಿಗಿನ ಸ್ವರಗಳು ಗಂಜಿಯಾಗುತ್ತವೆ. ಮೆಲ್ಲಗೆ ಮೀಟಿದರೆ ಸ್ವಚ್ಛ, ಬಲವಾಗಿ ಮೀಟಿದರೆ ಮಾತ್ರ ಕರಕರ ಎನ್ನುವ ಮಟ್ಟ ಸಾಕು. 1950ರ ದಶಕದ ಟೆಲಿಕಾಸ್ಟರ್‌ನ ಕುತ್ತಿಗೆಯ ಬದಿಗೆ ಗಿಬ್ಸನ್ ಹಂಬಕರ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನ) ಕೂರಿಸಿದ ರಿಚರ್ಡ್ಸ್ ಅವರ 'ಮಿಕಾಬರ್' ಗಿಟಾರ್ ಇದಕ್ಕೆ ಹೇಳಿ ಮಾಡಿಸಿದ್ದು.

ಇಂಥ ರಿದಮ್ ಪಕ್ಕದಲ್ಲಿ ನಿಂತ ಎರಡನೇ ಗಿಟಾರ್ ವಾದಕ ಏನು ಮಾಡಬೇಕು? ಕಾರ್ಡು ಆಗಲೇ ತುಂಬಿಕೊಂಡಿದೆ, ಬುಡದ ಸ್ವರವೂ ಇದೆ. ಅದನ್ನೇ ಮತ್ತೆ ಮೀಟಿದರೆ ಸದ್ದು ಹೆಚ್ಚುತ್ತದೆ, ಸಂಗೀತ ಹೆಚ್ಚುವುದಿಲ್ಲ. ಟೇಲರ್ ಸಾಮಾನ್ಯ ಶ್ರುತಿಯಲ್ಲೇ ಉಳಿದು ಮೇಲಿನ ಫ್ರೆಟ್‌ಗಳಿಗೆ ಹತ್ತಿದರು. ಜಾನ್ ಮೇಯಲ್ ಅವರ ಬ್ಲೂಸ್‌ಬ್ರೇಕರ್ಸ್‌ನಲ್ಲಿ ಪಳಗಿದ ಕೈ ಅದು. ತಂತಿ ಎಳೆದು ಸ್ವರ ಮುಟ್ಟಿದ ಮೇಲೆ ಕ್ಷಣ ಕಾದು, ಆಮೇಲಷ್ಟೇ ವೈಬ್ರೆಟೊ ಕೊಡುವ ಸಂಯಮ ಅವರಲ್ಲಿದೆ. ಹಲವರು ಎಳೆಯುತ್ತಲೇ ಅಲುಗಾಡಿಸಿ, ಸ್ವರ ಎಲ್ಲಿಗೆ ಮುಟ್ಟಿತು ಎಂಬುದೇ ತಿಳಿಯದಂತೆ ಮಾಡುತ್ತಾರೆ. ರಿಚರ್ಡ್ಸ್ ಅವರ ಕಾರ್ಡುಗಳಲ್ಲಿ ಏಳನೆಯ ಸ್ವರ ಅಪರೂಪ, ಬಹುತೇಕ ಬರಿಯ ಮೇಜರ್ ತ್ರಿಸ್ವರ. ಹಾಗಾಗಿ ಮೇಜರ್ ಮೂರನೆಯದಕ್ಕೂ ಮೈನರ್ ಮೂರನೆಯದಕ್ಕೂ ನಡುವೆ ಓಡಾಡುವ ಸಲಿಗೆ ಟೇಲರ್‌ಗೆ ದಕ್ಕಿತು. ಅವರ ಸೋಲೊಗಳ ಸೌಂದರ್ಯ ಅಲ್ಲಿಯೇ ಇದೆ ಎಂಬುದು ನನ್ನ ಎಣಿಕೆ.

'ಕಾಂಟ್ ಯೂ ಹಿಯರ್ ಮಿ ನಾಕಿಂಗ್' ಏಳು ನಿಮಿಷ ದಾಟುವ ಹಾಡು. ಮೊದಲ ಎರಡೂಮುಕ್ಕಾಲು ನಿಮಿಷ ಓಪನ್ ಜಿ ರಿಫ್‌ನ ದರ್ಬಾರು. ಅಲ್ಲಿಗೆ ಹಾಡು ಮುಗಿಯಬೇಕಿತ್ತು, ವಾದಕರು ನಿಲ್ಲಿಸಲಿಲ್ಲ, ಟೇಪೂ ಓಡುತ್ತಲೇ ಇತ್ತು. ಕಾಂಗಾ, ಬಾಬಿ ಕೀಸ್ ಅವರ ಸ್ಯಾಕ್ಸೊಫೋನ್, ಆಮೇಲೆ ಟೇಲರ್. ಆ ಭಾಗದಲ್ಲಿ ರಿಚರ್ಡ್ಸ್ ಏನು ನುಡಿಸುತ್ತಿದ್ದಾರೆ ಎಂದು ಕಿವಿಯಿಟ್ಟು ಕೇಳಿದರೆ ಚರ್ಚೆಯ ಅರ್ಧ ಬಿಸಿ ಇಳಿದೀತು. ತುಂಡು ತುಂಡು ಏಟುಗಳಷ್ಟೇ, ಬಹಳಷ್ಟು ಮೌನ. ಟೇಲರ್ ಅಷ್ಟು ಉದ್ದದ ವಾಕ್ಯಗಳನ್ನು ನಿರಾಳವಾಗಿ ಮುಗಿಸುವುದು ಆ ಮೌನದ ಮೇಲೆ ನಿಂತು. 1974ರ 'ಟೈಮ್ ವೇಟ್ಸ್ ಫಾರ್ ನೋ ಒನ್' ಹಾಡಿನ ಕೊನೆಯ ಸೋಲೊ ಇದಕ್ಕಿಂತಲೂ ಪಕ್ವ. ಅವರ ಅತ್ಯುತ್ತಮ ನುಡಿಸಾಣಿಕೆ ಯಾವುದೆಂದು ಕೇಳಿದರೆ ನಾನು ಅನುಮಾನಿಸದೆ ಅದನ್ನೇ ತೋರಿಸುತ್ತೇನೆ.

ಆದರೆ ಇದರಲ್ಲಿ ತಂಡ ಒಂದನ್ನು ಕಳೆದುಕೊಂಡಿತು ಎಂಬ ರಿಚರ್ಡ್ಸ್ ಪಕ್ಷದವರ ದೂರಿನಲ್ಲೂ ಹುರುಳಿದೆ. ಟೇಲರ್ ಕಾಲದಲ್ಲಿ ಕೆಲಸ ಎರಡು ಪಾಲಾಯಿತು: ರಿಚರ್ಡ್ಸ್ ಕಾರ್ಡು ಮೀಟುವ ರಿದಮ್, ಟೇಲರ್ ಸೋಲೊ ನುಡಿಸುವ ಲೀಡ್. ಬ್ರಯನ್ ಜೋನ್ಸ್ ಜೊತೆ ಮೊದಲ ವರ್ಷಗಳಲ್ಲಿ ಆ ಗೆರೆ ಇರಲಿಲ್ಲ. ಅಮೆರಿಕದ ಬ್ಲೂಸ್ ಗಾಯಕ ಜಿಮ್ಮಿ ರೀಡ್ ಅವರ ರೆಕಾರ್ಡುಗಳನ್ನು ಇಬ್ಬರೂ ಕೂತು ಬಿಡಿಸಿಕೊಂಡು, ಯಾವುದು ಯಾರ ಗಿಟಾರ್ ಎಂದು ತಿಳಿಯದಷ್ಟು ಹೆಣೆದು ನುಡಿಸುತ್ತಿದ್ದರು. 1964ರಲ್ಲಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ 'ಲಿಟ್ಲ್ ರೆಡ್ ರೂಸ್ಟರ್'ನ ಸ್ಲೈಡ್ ಜೋನ್ಸ್ ಅವರದು. 1968ರ 'ನೋ ಎಕ್ಸ್‌ಪೆಕ್ಟೇಷನ್ಸ್'ನ ಅಕೌಸ್ಟಿಕ್ ಸ್ಲೈಡೂ ಅವರದೇ, ಒಂದು ಸ್ವರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈ ನಡುವೆ ಅವರ ಮನಸ್ಸು ಸಿತಾರ್, ಡಲ್ಸಿಮರ್, ಮರಿಂಬಾಗಳ ಕಡೆ ಹೊರಳಿತ್ತು. ಹಾಡುಗಳಿಗೆ ಅದರಿಂದ ಲಾಭವಾಯಿತು, ಗಿಟಾರಿನ ಹೊರೆ ಪೂರ್ತಿ ರಿಚರ್ಡ್ಸ್ ಹೆಗಲಿಗೆ ಬಿತ್ತು. ಒಬ್ಬರೇ ಹಲವು ಗಿಟಾರ್ ಪದರಗಳನ್ನು ನುಡಿಸುವ ರೂಢಿ ಶುರುವಾದದ್ದು ಆಗಲೇ. 'ಸ್ಟ್ರೀಟ್ ಫೈಟಿಂಗ್ ಮ್ಯಾನ್'ನಲ್ಲಿ ಎಲೆಕ್ಟ್ರಿಕ್ ಎಂದು ಎಲ್ಲರೂ ನಂಬಿದ ಗಿಟಾರ್ ನಿಜಕ್ಕೆ ಅಕೌಸ್ಟಿಕ್. ಫಿಲಿಪ್ಸ್ ಕ್ಯಾಸೆಟ್ ರೆಕಾರ್ಡರಿನ ಮೈಕ್ ತಾಳಲಾರದಷ್ಟು ಜೋರಾಗಿ ನುಡಿಸಿ, ಒಡೆದ ಆ ದನಿಯನ್ನು ಸ್ಪೀಕರಿನಲ್ಲಿ ಹಾಕಿ ಮತ್ತೆ ಮುದ್ರಿಸಿಕೊಂಡರು. ಆ ಹಾಡಿನಲ್ಲಿ ಬೇಸ್ ಒಂದೇ ಎಲೆಕ್ಟ್ರಿಕ್.

ರಾನಿ ವುಡ್ ಬಂದ ಮೇಲೆ ಹೆಣಿಗೆ ಮರಳಿತು. ಅವರನ್ನು ಟೇಲರ್ ಅಳತೆಗೋಲಿನಿಂದ ಅಳೆದರೆ ಸೋಲುತ್ತಾರೆ, ಅನುಮಾನವಿಲ್ಲ. ಅಷ್ಟು ಉದ್ದದ ಸೋಲೊ ಅವರ ಕೆಲಸವೇ ಆಗಿರಲಿಲ್ಲ. 1978ರ 'ಬೀಸ್ಟ್ ಆಫ್ ಬರ್ಡನ್' ಹಾಕಿ ಕೇಳಿ. ಸಾಮಾನ್ಯ ಶ್ರುತಿ, ಇ, ಬಿ, ಸಿ ಶಾರ್ಪ್ ಮೈನರ್, ಎ ಎಂಬ ನಾಲ್ಕು ಕಾರ್ಡು, ಅಬ್ಬರವಿಲ್ಲದ ಗಿಟಾರುಗಳು. ಒಬ್ಬರು ಕಾರ್ಡು ಮುರಿದು ಎರಡೆರಡು ಸ್ವರ ಉದುರಿಸುವಾಗ ಇನ್ನೊಬ್ಬರು ತಡೆದಿರುತ್ತಾರೆ, ಇವರು ತಡೆದ ಕೂಡಲೇ ಅವರು ಬರುತ್ತಾರೆ. ಲೀಡ್ ಯಾರು, ರಿದಮ್ ಯಾರು ಎಂದು ಗೆರೆ ಎಳೆಯಲು ಆಗದು.

ಇಬ್ಬರು ಕೂತು ಇದನ್ನು ಅಭ್ಯಾಸ ಮಾಡುವುದಾದರೆ ಒಬ್ಬರು ನಾಲ್ಕನೇ ಫ್ರೆಟ್‌ನ ಕೆಳಗೇ ಇರಬೇಕು, ಇನ್ನೊಬ್ಬರು ಏಳನೇ ಫ್ರೆಟ್‌ನ ಮೇಲೆ ತೆಳು ಮೂರು ತಂತಿಗಳಲ್ಲಿ ಮಾತ್ರ ಆಡಬೇಕು. ಪ್ರತಿ ಎಂಟು ಮಾತ್ರೆಯಲ್ಲಿ ಕಡಿಮೆಯೆಂದರೆ ಎರಡನ್ನು ಇಬ್ಬರೂ ಖಾಲಿ ಬಿಡಬೇಕು, ಆದರೆ ಬೇರೆ ಬೇರೆ ಜಾಗದಲ್ಲಿ. ಇಬ್ಬರ ಬಲಗೈಯೂ ಒಂದೇ ಕ್ಷಣದಲ್ಲಿ ಕೆಳಗಿಳಿಯಲು ಶುರುವಾಯಿತೆಂದರೆ ಹೆಣಿಗೆ ಸತ್ತಿತು. ಆಗ ನಿಲ್ಲಿಸಿ ಮತ್ತೆ ಮೊದಲಿನಿಂದ. ವೇಗ ಕಡಿಮೆ ಮಾಡಿದರೂ ಡ್ರಮ್ಸ್ ಇಲ್ಲದೆ ಅಭ್ಯಾಸ ಮಾಡುವುದು ಬೇಡ. ತಂಡದ ಡ್ರಮ್ಸ್ ವಾದಕ ಚಾರ್ಲಿ ವಾಟ್ಸ್ ಸ್ನೇರ್ ಹೊಡೆಯುವ ಏಟಿಗೆ ಹೈ-ಹ್ಯಾಟ್ ಮುಟ್ಟದೆ ಕೈ ಎತ್ತುತ್ತಿದ್ದರು. ಆ ಪುಟ್ಟ ಕಿಂಡಿಯಲ್ಲೇ ಈ ಗಿಟಾರುಗಳು ಉಸಿರಾಡುವುದು. ವುಡ್ 'ಫಾರ್ ಅವೇ ಐಸ್'ನಲ್ಲಿ ನುಡಿಸಿದ ಪೆಡಲ್ ಸ್ಟೀಲ್ ಬೇರೆಯೇ ಒಂದು ಪತ್ರಕ್ಕೆ ವಸ್ತು.

ಟೇಲರ್ ಅಭಿಮಾನಿಗಳು ಎತ್ತಲೇಬೇಕಾಗಿದ್ದ ಒಂದು ನ್ಯಾಯದ ಪ್ರಶ್ನೆಯನ್ನು ಯಾರೂ ಎತ್ತಿಲ್ಲ. ಅಷ್ಟು ಹಾಡುಗಳಿಗೆ ಸ್ವರದ ಮೈ ಕೊಟ್ಟ ವ್ಯಕ್ತಿಗೆ ಜಾಗರ್, ರಿಚರ್ಡ್ಸ್ ಹೆಸರುಗಳ ಜೊತೆ ರಚನೆಯ ಮನ್ನಣೆ ಸಿಕ್ಕಿದ್ದು 1972ರ 'ವೆಂಟಿಲೇಟರ್ ಬ್ಲೂಸ್' ಒಂದಕ್ಕೆ. ಇದು ತೀರಾ ಕಡಿಮೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಯಾರ ಬೆರಳು ವೇಗ ಎಂಬ ವಾದಕ್ಕಿಂತ ಈ ವಾದಕ್ಕೆ ತೂಕವಿದೆ.

ಚರ್ಚೆ ಮುಂದುವರಿಸುವವರಿಗೆ ಒಂದು ಕೋರಿಕೆ. ಟೇಲರ್ 1969ರ ಜುಲೈ 5ರಂದು, ಜೋನ್ಸ್ ತೀರಿಕೊಂಡ ಎರಡು ದಿನಕ್ಕೆ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ತಂಡದೊಡನೆ ಮೊದಲು ವೇದಿಕೆ ಹತ್ತಿದರು. 2013ರ ಜುಲೈನಲ್ಲಿ ಅದೇ ಪಾರ್ಕಿಗೆ ಅತಿಥಿಯಾಗಿ ಬಂದು 'ಮಿಡ್‌ನೈಟ್ ರ‍್ಯಾಂಬ್ಲರ್' ನುಡಿಸಿದರು. ರಿಚರ್ಡ್ಸ್, ವುಡ್, ಟೇಲರ್ ಮೂವರೂ ಒಂದೇ ವೇದಿಕೆಯಲ್ಲಿ. ಅದರ ಧ್ವನಿಮುದ್ರಣ ಸಿಗುತ್ತದೆ. ಹೆಡ್‌ಫೋನ್ ಹಾಕಿ ಮೂರು ಸಲ ಕೇಳಿ, ಪ್ರತಿ ಸಲ ಒಬ್ಬರನ್ನೇ ಹಿಂಬಾಲಿಸಿ. ಟೇಲರ್ ಹೆಜ್ಜೆ ಮುಂದಿಟ್ಟಾಗ ಉಳಿದಿಬ್ಬರು ಯಾವ ಏಟುಗಳನ್ನು ಬಿಟ್ಟುಕೊಟ್ಟರು ಎಂದು ಗುರುತು ಹಾಕಿಕೊಂಡು, ಆಮೇಲೆ ಅಂಕಣಕ್ಕೆ ಬರೆಯಿರಿ.

ಇಂತಿ,
ಒಬ್ಬ ಓದುಗ